ಕಾನ್‌ಸ್ಟಬಲ್ಲನ ಹೊಳೆ ಮತ್ತು ಆಕಾಶ

ಮಹಾಕಾವ್ಯವನ್ನು ಬರೆಯಹೊರಟ ಕವಿಯು ಸಮುದ್ರ, ಪರ್ವತ, ಋತು, ಚಂದ್ರೋದಯ ಮುಂತಾದ ಹದಿನೆಂಟು ವರ್ಣನೆಗಳನ್ನು ತರತಕ್ಕದ್ದೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ಆ ವರ್ಣನೆಗಳಲ್ಲಿ ಸೊಬಗಿಗೆ ಕೊರತೆಯಿಲ್ಲ. ಆದರೂ ಆ ಬೆಟ್ಟಕ್ಕಾಗಲಿ ಆ ಬೆಳುದಿಂಗಳಿಗಾಗಲಿ ಸ್ವತಂತ್ರವಾದ ಬಾಳು ಇರುವುದು ಅಪೂರ್ವ. ನಾಯಕನ ವೈಭವಕ್ಕೋ ನಾಯಿಕೆಯ ವಿರಹಕ್ಕೋ ಅವು ಹಿನ್ನೆಲೆಯಾಗಿ ನಿಲ್ಲುತ್ತವೆ. ಐರೋಪ್ಯ ಚಿತ್ರಕಲೆಯಲ್ಲಿಯೂ ಬಹುಕಾಲ ಪ್ರಕೃತಿಯ ಪಾಡು ಇದೇ ಆಗಿದ್ದಿತು. ಪುರಾಣದ ಕಥೆ, ಬೈಬಲಿನ ಪ್ರಸಂಗ, ವೀರರ ಯುದ್ಧ ಇವೇ ಉತ್ತಮ ಕಲೆಗೆ ತಕ್ಕ ವಸ್ತುಗಳೆಂದೂ, ಮರ ಹೊಳೆ ಮೋಡಗಳು ಅವುಗಳ ಪರಿವಾರವೆಂದೂ ವಿದ್ವಾಂಸರು ಎಣಿಸಿದ್ದರು. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರು ಈ ಕಟ್ಟನ್ನು ಸಡಲಿಸಿ, ತಮ್ಮ ನಾಡಿನ ಬಯಲನ್ನೂ ಕಾಲುವೆಗಳನ್ನೂ ಆದರದಿಂದ ಬರೆದರೆಂಬುದು ನಿಜ. ಆದರೆ ಕಥೆಯ ನೆರವಿಲ್ಲದೆ, ರಮಣೀಯವೆಂದು ಹೆಸರಾದ ಸ್ಥಳದ ಆಸರೆಯೂ ಇಲ್ಲದೆ, ತಾನು ಹುಟ್ಟಿದ ಊರಿನ ಹೊಳೆಯ ದಡವೊಂದನ್ನೇ ಮಹಾಚಿತ್ರದ ಅಳತೆಗೆ ಏರಿಸಿ ಜನರ ಮುಂದಿಟ್ಟ ಧೈರ್ಯವು ಇಂಗ್ಲೆಂಡಿನ ಜಾನ್ ಕಾನ್‌ಸ್ಟಬಲ್ಲನದು. ಈ ಹೆಸರನ್ನು ಕೇಳಿದೊಡನೆ ಪೋಲೀಸ್ ಠಾಣೆಯ ನೆನಪಾದರೆ ಅದು ವಾಚಕರ ತಪ್ಪಲ್ಲ. ಆದರೆ ಈತನು ಯಾರನ್ನೂ ಬೆದರಿಸಿದವನಲ್ಲ, ತಾನೇ ಅರ್ಧ ಆಯುಸ್ಸನ್ನು ಮನ್ನಣೆಗಾಗಿ ಕಾದುಕೊಂಡಿದ್ದವನು.

ಕಾನ್‌ಸ್ಟಬಲ್ಲನು ೧೭೭೬ನೆಯ ಇಸವಿ ಜೂನ್ ೧೧ರಂದು ಸಫಕ್ ಸೀಮೆಯ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಗೋಲ್ಡಿಂಗ್ ಕಾನ್‌ಸ್ಟಬಲ್ ಅನುಕೂಲಸ್ಥನಾದ ಧಾನ್ಯದ ವರ್ತಕ. ಸ್ಟೂರ್ ನದಿಯ ಮೇಲೆ ಫ್ಲ್ಯಾಟ್‌ಫರ್ಡಿನಲ್ಲಿಯೂ ಡೆಡಮಿನಲ್ಲಿಯೂ ಆತನ ನೀರಿನ ಗಿರಣಿಗಳಿದ್ದುವು. ಊರ ಮೇಲಿನ ಬಯಲಿನಲ್ಲಿ ಗಾಳಿಯ ಗಿರಣಿಯಿದ್ದಿತು. ಹಿರಿಯ ಮಗನು ಬುದ್ಧಿಯಲ್ಲಿ ದುರ್ಬಲನಾಗಿದ್ದುದರಿಂದ ಎರಡನೆಯವನಾದ ಜಾನನೇ ಮನೆಯ ವ್ಯಾಪಾರವನ್ನು ವಹಿಸಿಕೊಳ್ಳಬೇಕೆಂಬುದು ತಂದೆಯ ಇಷ್ಟ. ಹುಡುಗನು ಸುಮಾರು ಒಂದು ವರ್ಷ ಗಾಳಿಯ ಗಿರಣಿಯಲ್ಲಿ ದುಡಿದನು. ಈ ಒಂದು ವರ್ಷವನ್ನು ವ್ಯರ್ಥವೆಂದು ಎಣಿಸಲಾಗದು. ಗಾಳಿಯ ಗಿರಣಿಯವನಿಗೆ ಆಕಾಶವು ಅಲಂಕಾರವಲ್ಲ, ಜೀವನೋಪಾಯ. ಯಾವ ಮೋಡ ಯಾವ ದಿಕ್ಕಿನಿಂದ ಬರುವುದು, ಗಾಳಿ ಯಾವಾಗ ತಿರುಗುವುದು, ರೆಕ್ಕೆಗಳ ಬಟ್ಟೆಯನ್ನು ಯಾವಾಗ ಸುತ್ತಬೇಕು ಎಂಬುದನ್ನು ಆತನು ಕಣ್ಣಿನಿಂದಲೇ ಓದಿಕೊಳ್ಳಬೇಕು. ಮುಂದೆ ಯಾವ ಶಾಲೆಯೂ ಕಲಿಸಲಾರದ ಪಾಠವನ್ನು ಹುಡುಗನು ಅಲ್ಲಿ ಕಲಿತನು. ಬಿಡುವಿನ ವೇಳೆಯಲ್ಲಿ ಊರಿನ ಕೊಳಾಯಿ ಮತ್ತು ಕಿಟಕಿಗಾಜಿನ ಕೆಲಸಗಾರನಾದ ಜಾನ್ ಡನ್‌ಥಾರ್ನ್ ಎಂಬ ಗೆಳೆಯನೊಡನೆ ಬಯಲಿಗೆ ಹೋಗಿ ಚಿತ್ರ ಬರೆಯುತ್ತಿದ್ದನು. ಕೊನೆಗೆ ತಂದೆಯು ಒಪ್ಪಿದನು. ವ್ಯಾಪಾರವು ಕಿರಿಯ ತಮ್ಮ ಏಬ್ರಮನಿಗೆ ಉಳಿಯಿತು. ಜಾನನು ೧೭೯೯ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು.

ಆಗಿನ ರಸಿಕರ ಅಭಿರುಚಿಯು ಎಂತಹುದೆಂಬುದನ್ನು ತಿಳಿಯದೆ ಈತನ ಸಾಹಸವು ತಿಳಿಯದು. ಇಟಲಿಯ ಹೊಂಬಿಸಿಲನ್ನು ಬರೆದ ಕ್ಲಾಡ್ ಲೊರೇನನು ಆ ಕಾಲದ ಆದರ್ಶ. ಕಾನ್‌ಸ್ಟಬಲ್ಲನೂ ಕ್ಲಾಡನನ್ನು ಕಡೆಯವರೆಗೆ ಪೂಜಿಸಿದನು. ಕಲಾಪೋಷಕನಾದ ಸರ್ ಜಾರ್ಜ್ ಬೋಮಾಂಟನ ಬಳಿಯಿದ್ದ ಕ್ಲಾಡನ ಒಂದು ಚಿಕ್ಕ ಚಿತ್ರವು ಆತನ ಯೌವನದ ಗುರುವಾಯಿತೆಂದರೂ ಸಲ್ಲುವುದು. ಆದರೆ ನೂರೈವತ್ತು ವರ್ಷಗಳ ಕಾಲ ಮೆರುಗೆಣ್ಣೆಯು ಕಂದಿ ಹಳೆಯ ಚಿತ್ರಗಳೆಲ್ಲ ಕಪಿಲವರ್ಣಕ್ಕೆ ತಿರುಗಿದ್ದುವು. ರಸಿಕರು ಆ ಕಂದುಬಣ್ಣವನ್ನೇ ಕಲೆಯ ಲಕ್ಷಣವೆಂದು ಭ್ರಮಿಸಿದರು. ಹಳೆಯ ಪಿಟೀಲಿನ ಬಣ್ಣವೇ ಚಿತ್ರಕ್ಕೆಲ್ಲ ಮೂಲವರ್ಣವಾಗತಕ್ಕದ್ದೆಂದು ಬೋಮಾಂಟನು ಒಮ್ಮೆ ಹೇಳಿದಾಗ, ಕಾನ್‌ಸ್ಟಬಲ್ಲನು ಮರುಮಾತನಾಡದೆ ಒಂದು ಹಳೆಯ ಪಿಟೀಲನ್ನು ತೆಗೆದುಕೊಂಡು ಹೋಗಿ ಮನೆಯ ಮುಂದಿನ ಹಸುರು ಹುಲ್ಲಿನ ಮೇಲೆ ಇಟ್ಟನಂತೆ. ಈ ಪ್ರಸಂಗವನ್ನು ಆತನ ಗೆಳೆಯನೂ ಚರಿತ್ರಕಾರನೂ ಆದ ಲೆಸ್ಲಿಯು ದಾಖಲೆ ಮಾಡಿದ್ದಾನೆ. ವಾದದಿಂದ ಗೆಲ್ಲಲಾಗದುದನ್ನು ಹುಲ್ಲು ಗೆದ್ದಿತು. ಕಾನ್‌ಸ್ಟಬಲ್ಲನ ವಿಮರ್ಶಾತತ್ತ್ವವೆಲ್ಲ ಈ ಒಂದು ಮೌನಕಾರ್ಯದಲ್ಲಿ ಅಡಗಿದೆ: ಚಿತ್ರವನ್ನು ಒರೆಹಚ್ಚತಕ್ಕದ್ದು ಮತ್ತೊಂದು ಚಿತ್ರಕ್ಕಲ್ಲ, ಬಯಲಿಗೆ.

ಇಂತಹ ಹಟಕ್ಕೆ ಬೆಲೆಯನ್ನು ತೆರಬೇಕಾಯಿತು. ಆತನಿಗಿಂತ ಒಂದು ವರ್ಷ ಮಾತ್ರ ಹಿರಿಯನಾದ ಟರ್ನರನು ೧೮೦೨ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ, ಅಕಾಡೆಮಿಯ ಪೂರ್ಣ ಸದಸ್ಯನಾದನು. ಟರ್ನರನು ಆಲ್ಪ್ಸ್ ಪರ್ವತಗಳನ್ನೂ ವೆನಿಸ್ ನಗರವನ್ನೂ ಸುತ್ತಿ ಬಂದನು. ಕಾನ್‌ಸ್ಟಬಲ್ಲನು ಇಂಗ್ಲೆಂಡನ್ನು ಬಿಟ್ಟು ಹೊರಗೆ ಹೋದವನೇ ಅಲ್ಲ. ಹಳ್ಳಿಯ ಪಾದ್ರಿಯ ಮೊಮ್ಮಗಳಾದ ಮರಿಯಾ ಬಿಕ್‌ನೆಲ್ಲಳಲ್ಲಿ ೧೮೦೯ರಲ್ಲಿ ಅನುರಾಗವು ಹುಟ್ಟಿತು. ಚಿತ್ರ ಮಾರಿ ಬದುಕಲಾರದವನಿಗೆ ಹೆಣ್ಣು ಕೊಡುವುದು ಹೇಗೆಂದು ಅವಳ ಮನೆಯವರು ಏಳು ವರ್ಷ ತಡೆದರು. ೧೮೧೬ರಲ್ಲಿ ತಂದೆಯು ತೀರಿಕೊಂಡು, ಪಿತ್ರಾರ್ಜಿತದಲ್ಲಿ ತನ್ನ ಪಾಲು ಕೈಗೆ ಬಂದ ಮೇಲೆಯೇ ಅದೇ ವರ್ಷ ಅಕ್ಟೋಬರಿನಲ್ಲಿ ಮದುವೆಯಾಯಿತು. ಗಿರಣಿಯನ್ನು ಬಿಟ್ಟುಬಂದ ಮಗನ ಸಂಸಾರವನ್ನು ಗಿರಣಿಯ ಹಣವೇ ನಿಲ್ಲಿಸಿತೆಂಬುದನ್ನು ನಾವು ಮರೆಯಬಾರದು. ಈ ಮಾತು ಮುಂದೆ ನಮ್ಮ ವಿಚಾರಕ್ಕೆ ಬೇಕಾಗುವುದು.

ಮದುವೆಯ ತರುವಾಯ ಆತನು ಲಂಡನ್ನಿನಲ್ಲಿ ನೆಲಸಿದನು. ಆಶ್ಚರ್ಯವೆಂದರೆ ಸ್ಟೂರ್ ನದಿಯ ಮಹಾಚಿತ್ರಗಳು ಹುಟ್ಟಿದುದು ಆಮೇಲೆಯೇ. ಸುಮಾರು ಆರಡಿ ಅಗಲದ ಈ ಚಿತ್ರಗಳಲ್ಲಿ ಮೊದಲನೆಯದಾದ 'ಬಿಳಿಯ ಕುದುರೆ'ಯನ್ನು ೧೮೧೯ರಲ್ಲಿ ಪ್ರದರ್ಶಿಸಿದನು. ಅದನ್ನು ಗೆಳೆಯನಾದ ಜಾನ್ ಫಿಷರನು ನೂರು ಗಿನಿಗಳಿಗೆ ಕೊಂಡನು. ಅಷ್ಟು ದೊಡ್ಡ ಅಳತೆಯು ಅದುವರೆಗೆ ರಾಜರಿಗೂ ದೇವತೆಗಳಿಗೂ ಮೀಸಲು. ಒಂದು ಸರಕುದೋಣಿಗೂ ಅದನ್ನೆಳೆಯುವ ಕುದುರೆಗೂ ಅಷ್ಟು ಜಾಗವನ್ನು ಕೊಟ್ಟುದೇ ಒಂದು ಕ್ರಾಂತಿ. ಇದಕ್ಕಾಗಿ ಆತನು ಹೊಸದೊಂದು ಕ್ರಮವನ್ನು ಕಂಡುಕೊಂಡನು. ಪ್ರದರ್ಶನದ ಚಿತ್ರಕ್ಕೆ ಮೊದಲು ಅದೇ ಅಳತೆಯ ಇನ್ನೊಂದು ಕ್ಯಾನ್‌ವಾಸಿನ ಮೇಲೆ, ಅಲಗಿನಿಂದಲೂ ಕುಂಚದಿಂದಲೂ, ಬಿರುಸಾಗಿ ಒಂದು ಕರಡನ್ನು ಬರೆಯುವುದು. ಬಳಿಕ ಅದನ್ನು ನೋಡಿಕೊಂಡು ತಿದ್ದಿದ ಚಿತ್ರವನ್ನು ಬರೆಯುವುದು. ಆ ಕರಡುಗಳನ್ನು ಆತನು ಯಾರಿಗೂ ಮಾರಲು ಇಟ್ಟವನಲ್ಲ. ಇಂದಿನ ನೋಡುಗರಲ್ಲಿ ಹಲವರು ತಿದ್ದಿದ ಚಿತ್ರಕ್ಕಿಂತ ಆ ಕರಡನ್ನೇ ಮೆಚ್ಚುವರು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅಂತಹ ಎರಡು ಕರಡುಗಳಿವೆ.

ಈ ಸಾಲಿನಲ್ಲಿ ಮೂರನೆಯದಾದ 'ಹುಲ್ಲಿನ ಬಂಡಿ'ಯು ಆತನ ಕೀರ್ತಿಯ ಕಳಶ. ೧೮೨೧ರಲ್ಲಿ ಅದನ್ನು ಪ್ರದರ್ಶಿಸಿದಾಗ ಆತನು ಕೊಟ್ಟ ಹೆಸರು ಬರಿಯ 'ಭೂದೃಶ್ಯ: ನಡುಹಗಲು' ಎಂದು. ಫ್ಲ್ಯಾಟ್‌ಫರ್ಡಿನ ಗಿರಣಿಯ ಬಳಿ ನದಿಯು ತೆಳುವಾಗಿ ಹರಿಯುವ ಎಡೆಯಲ್ಲಿ ಒಂದು ಬರಿದಾದ ಬಂಡಿಯು ನೀರನ್ನು ದಾಟುತ್ತಿದೆ. ಎಡಗಡೆ ವಿಲ್ಲಿ ಲಾಟ್ ಎಂಬ ಒಕ್ಕಲಿಗನ ಮನೆ. ದಡದಲ್ಲಿ ಒಂದು ನಾಯಿ ಬಂಡಿಯತ್ತ ನೋಡುತ್ತ ನಿಂತಿದೆ. ಬಲಗಡೆ ಬಿಸಿಲು ಬಿದ್ದ ಹುಲ್ಲುಗಾವಲು ದೂರದವರೆಗೆ ಚಾಚಿದೆ. ಅದರ ಅಂಚಿನಲ್ಲಿ ಹುಲ್ಲು ಕೊಯ್ಯುವ ಜನ. ಇವೆಲ್ಲದರ ಮೇಲೆ, ಚಿತ್ರದ ಸುಮಾರು ಅರ್ಧವನ್ನು ಆಕ್ರಮಿಸಿಕೊಂಡು, ಚಲಿಸುವ ಮೋಡಗಳ ಆಕಾಶ. ಇಲ್ಲಿ ಘಟನೆಯೆಂಬುದು ಏನೂ ಇಲ್ಲ. ಆದರೂ ನೋಡುತ್ತ ನಿಂತವನಿಗೆ ಎಲೆಯ ಮೇಲಿನ ತೇವವೂ, ಒಂದು ಮೋಡ ಸರಿದು ಹುಲ್ಲಿನ ಮೇಲೆ ಬೆಳಕು ಬೀಳುವ ಕ್ಷಣವೂ ಅನುಭವಕ್ಕೆ ಬರುತ್ತದೆ. ಹಸುರನ್ನು ಒಂದೇ ಬಣ್ಣವಾಗಿ ಬಳಿಯದೆ, ಬೇರೆ ಬೇರೆ ಹಸುರುಗಳನ್ನು ಬಗೆಬಗೆಯಾಗಿ ಒಂದರ ಪಕ್ಕ ಒಂದಿಟ್ಟುದರಿಂದ ಆ ಹುಲ್ಲುಗಾವಲು ಮಿಡಿಯುತ್ತದೆ. ಬೆಳಕಿನ ಮಿಂಚಿಗಾಗಿ ಆತನು ಅಲ್ಲಲ್ಲಿ ಚಿಮುಕಿಸುತ್ತಿದ್ದ ಬಿಳಿಯ ಚುಕ್ಕೆಗಳನ್ನು ಕಂಡು ಅಂದಿನ ಟೀಕಾಕಾರರು 'ಕಾನ್‌ಸ್ಟಬಲ್ಲನ ಹಿಮ' ಎಂದು ಹಾಸ್ಯ ಮಾಡಿದರು. ಈತನ ಚಿತ್ರವನ್ನು ನೋಡಿದರೆ ತನಗೆ ಕೊಡೆ ಬೇಕಾಗುವುದೆಂದು ಅಕಾಡೆಮಿಯ ಫ್ಯೂಸೆಲಿಯು ಹೇಳಿದನೆಂಬ ಕಥೆಯೂ ಉಂಟು. ಗೇಲಿಯೆಂದು ಹೇಳಿದ ಮಾತು ಹೊಗಳಿಕೆಯಾಗಿ ಪರಿಣಮಿಸಿದೆ.

ಇಂಗ್ಲೆಂಡಿನಲ್ಲಿ ಆ ವರ್ಷ ಆ ಚಿತ್ರವನ್ನು ಕೊಳ್ಳುವವರಿರಲಿಲ್ಲ. ಪ್ಯಾರಿಸ್ಸಿನ ವ್ಯಾಪಾರಿಯಾದ ಆರೋಸ್ಮಿತ್ ಎಂಬವನು ಅದನ್ನೂ ಇನ್ನೊಂದು ದೊಡ್ಡ ಚಿತ್ರವನ್ನೂ ಒಂದು ಚಿಕ್ಕದನ್ನೂ ಸೇರಿಸಿ ೨೫೦ ಪೌಂಡುಗಳಿಗೆ ಕೊಂಡುಹೋದನು. ೧೮೨೪ರ ಪ್ಯಾರಿಸ್ ಪ್ರದರ್ಶನದಲ್ಲಿ 'ಹುಲ್ಲಿನ ಬಂಡಿ'ಯು ಫ್ರೆಂಚ್ ಚಿತ್ರಕಾರರನ್ನು ಬೆರಗುಗೊಳಿಸಿತು; ಹತ್ತನೆಯ ಚಾರ್ಲ್ಸ್ ದೊರೆಯು ಚಿನ್ನದ ಪದಕವನ್ನು ಕೊಟ್ಟನು. ತರುಣನಾದ ದೆಲಾಕ್ರ್ವಾ ಕಾನ್‌ಸ್ಟಬಲ್ಲನ ಬಣ್ಣಗಳನ್ನು ಕಂಡು, ಅದೇ ಪ್ರದರ್ಶನಕ್ಕೆ ಸಿದ್ಧವಾಗಿದ್ದ ತನ್ನ 'ಕಿಯಾಸಿನ ಹತ್ಯಾಕಾಂಡ'ವನ್ನು ಮತ್ತೆ ತಿದ್ದಿದನೆಂದು ಕಲಾಚರಿತ್ರಕಾರರು ಹೇಳುತ್ತಾರೆ. ಮುಂದೆ ಫ್ರಾನ್ಸಿನಲ್ಲಿ ಬಯಲಿಗೆ ಹೋಗಿ ಬರೆದ ತಲೆಮಾರುಗಳಿಗೆ ಈ ಪ್ರದರ್ಶನವು ಒಂದು ಬೀಜ. ಇಷ್ಟಾದರೂ ಕಾನ್‌ಸ್ಟಬಲ್ಲನು ಪ್ಯಾರಿಸ್ಸಿಗೆ ಹೋಗಲಿಲ್ಲ.

ಇನ್ನು ಆತನ ಆಕಾಶದ ವಿಚಾರ. ಪತ್ನಿಯ ಆರೋಗ್ಯಕ್ಕಾಗಿ ಸಂಸಾರವನ್ನು ಲಂಡನ್ನಿನ ಅಂಚಿನ ಹ್ಯಾಂಪ್‌ಸ್ಟೆಡ್ ದಿಬ್ಬಕ್ಕೆ ಸಾಗಿಸಿದಾಗ, ೧೮೨೧ ಮತ್ತು ೧೮೨೨ರಲ್ಲಿ, ಆತನು ಬಯಲಿನಲ್ಲಿ ನಿಂತು ಮೋಡಗಳನ್ನಷ್ಟೇ ಬರೆಯತೊಡಗಿದನು. ಹಲವಲ್ಲಿ ನೆಲವೂ ಇಲ್ಲ, ಮರವೂ ಇಲ್ಲ. ಕಾಗದದ ಹಿಂದೆ ದಿನಾಂಕ, ಗಂಟೆ, ಗಾಳಿಯ ದಿಕ್ಕು, ಆಮೇಲೆ ಮಳೆ ಬಂದಿತೋ ಇಲ್ಲವೋ ಎಂಬ ಟಿಪ್ಪಣಿ. ಲ್ಯೂಕ್ ಹವರ್ಡ್ ಎಂಬವನು ಮೋಡಗಳನ್ನು ವರ್ಗಮಾಡಿ ಲ್ಯಾಟಿನ್ ಹೆಸರುಗಳನ್ನಿಟ್ಟು ಆಗ ಸುಮಾರು ಇಪ್ಪತ್ತು ವರ್ಷವಾಗಿದ್ದಿತು. ಆ ಶಾಸ್ತ್ರವನ್ನು ವಿವರಿಸಿದ ಫಾರ್‌ಸ್ಟರನ ಪುಸ್ತಕವನ್ನು ಕಾನ್‌ಸ್ಟಬಲ್ಲನು ಅಂಚಿನಲ್ಲಿ ಗುರುತು ಹಾಕಿಕೊಂಡು ಓದಿದನು. ಭೂದೃಶ್ಯದಲ್ಲಿ ಭಾವವನ್ನು ವಹಿಸುವ ಮುಖ್ಯವಾದ ಅಂಗವು ಆಕಾಶವೇ ಎಂದು ೧೮೨೧ರಲ್ಲಿ ಫಿಷರನಿಗೆ ಬರೆದನು. ಚಿತ್ರಕಲೆಯನ್ನು ನಿಸರ್ಗದ ನಿಯಮಗಳನ್ನು ಶೋಧಿಸುವ ಶಾಸ್ತ್ರವೆಂದೂ, ಚಿತ್ರಗಳನ್ನು ಅದರ ಪ್ರಯೋಗಗಳೆಂದೂ ಏಕೆ ಎಣಿಸಬಾರದೆಂದು ೧೮೩೬ರ ಉಪನ್ಯಾಸದಲ್ಲಿ ಕೇಳಿದನು. ಭಾವ ಮತ್ತು ಶಾಸ್ತ್ರ ಒಂದಕ್ಕೊಂದು ವಿರೋಧವೆಂದು ನಾವು ತಿಳಿಯುವುದುಂಟು. ಈತನಲ್ಲಿ ಅವು ಒಂದೇ ಕಣ್ಣಿನ ಎರಡು ನೋಟಗಳು. ಗಾಳಿ ಯಾವ ಕಡೆಯಿಂದ ಬೀಸಿತೆಂಬುದನ್ನು ಬರೆದಿಟ್ಟವನಿಗೆ ಮಾತ್ರ ಆ ಗಾಳಿಯ ಶೋಕವನ್ನು ಬರೆಯುವ ಅಧಿಕಾರ ಬಂದಿತು.

ಇಷ್ಟರವರೆಗೆ ಪ್ರಶಂಸೆ. ವಿಮರ್ಶೆಯು ಇಲ್ಲಿಗೆ ನಿಲ್ಲುವಂತಿಲ್ಲ. 'ಹುಲ್ಲಿನ ಬಂಡಿ'ಯು ಶಾಂತಿಯ ಚಿತ್ರವೆಂದು ಎಲ್ಲರೂ ಹೇಳುವರು. ಆದರೆ ೧೮೧೫ರಲ್ಲಿ ನೆಪೋಲಿಯನ್ನನೊಡನೆ ಯುದ್ಧವು ಮುಗಿದ ಮೇಲೆ ಸಫಕ್ ಸೀಮೆಯಲ್ಲಿ ಶಾಂತಿಯಿರಲಿಲ್ಲ. ಧಾನ್ಯದ ಬೆಲೆ ಕುಸಿಯಿತು, ಸಿಪಾಯಿಗಳು ಕೆಲಸವಿಲ್ಲದೆ ಹಳ್ಳಿಗೆ ಮರಳಿದರು, ಕೂಲಿ ಇಳಿಯಿತು, ಒಕ್ಕಣೆಯ ಯಂತ್ರಗಳು ಚಳಿಗಾಲದ ಕೂಲಿಯನ್ನೂ ಕಿತ್ತುಕೊಂಡುವು. 'ಹುಲ್ಲಿನ ಬಂಡಿ'ಯನ್ನು ಪ್ರದರ್ಶಿಸಿದ ಮರುವರ್ಷ, ೧೮೨೨ರಲ್ಲಿ, ಆ ಸೀಮೆಯ ಕೂಲಿಗಳು ಯಂತ್ರಗಳನ್ನು ಒಡೆದರು, ಮೆದೆಗಳಿಗೆ ಬೆಂಕಿಯಿಟ್ಟರು. ಬೆಂಕಿ ಕಾಣದ ರಾತ್ರಿಯೇ ಇಲ್ಲವೆಂದು ಊರಿನಿಂದ ತಮ್ಮನು ತಿಳಿಸಿದ ಸುದ್ದಿಯನ್ನು ಕಾನ್‌ಸ್ಟಬಲ್ಲನೇ ಫಿಷರನಿಗೆ ಬರೆದನು. ಅಂದರೆ ಆತನು ಅರಿಯದವನಲ್ಲ. ಅರಿತೂ ಆ ಬೆಂಕಿಯನ್ನು ತನ್ನ ಹುಲ್ಲುಗಾವಲಿಗೆ ಬರಗೊಡಲಿಲ್ಲ. ರಾಜಕೀಯದಲ್ಲಿ ಆತನು ಹಳೆಯ ಪಕ್ಷದವನು. ಮುಂದೆ ಮತಾಧಿಕಾರವನ್ನು ವಿಸ್ತರಿಸುವ ಸುಧಾರಣಾ ಮಸೂದೆಯನ್ನೂ ವಿರೋಧಿಸಿದನು.

ಇದನ್ನು ಹಿಡಿದು ಕಳೆದ ಶತಮಾನದ ಕೊನೆಯ ಭಾಗದ ಕೆಲವು ವಿಮರ್ಶಕರು ಈತನ ಚಿತ್ರಗಳು ಒಡೆಯರ ಕನಸುಗಳೆಂದು ತೀರ್ಪಿತ್ತರು. ಆ ತೀರ್ಪಿನಲ್ಲಿ ಸತ್ಯಾಂಶವಿದೆ. ಚಿತ್ರವೇ ಸಾಕ್ಷಿ. ನೀರಿನಲ್ಲಿ ಕೊಳೆಯುವ ಮರದ ಗೂಟವನ್ನೂ, ಪಾಚಿ ಹಿಡಿದ ಇಟ್ಟಿಗೆಯನ್ನೂ ಆತನು ಕೈಯಿಂದ ಮುಟ್ಟಿದಷ್ಟು ಸಮೀಪದಿಂದ ಬರೆದನು. ಬಂಡಿಯ ರಚನೆಯಲ್ಲಿ ತಪ್ಪಾಗಬಾರದೆಂದು ಊರಿನಿಂದ ಡನ್‌ಥಾರ್ನನ ಮಗನ ಕೈಯಲ್ಲಿ ಅದರ ರೇಖಾಚಿತ್ರವನ್ನು ಬರೆಯಿಸಿ ತರಿಸಿಕೊಂಡನು. ಆದರೆ ಹುಲ್ಲು ಕೊಯ್ಯುವವರು? ದೂರದ ಅಂಚಿನಲ್ಲಿ ನಾಲ್ಕು ಬಿಳಿಯ ಚುಕ್ಕೆಗಳು. ಚಕ್ರದ ಬಗೆಗೆ ತೋರಿದ ಶ್ರದ್ಧೆಯಲ್ಲಿ ಒಂದು ಪಾಲು ಅವರಿಗೆ ಸಲ್ಲಲಿಲ್ಲ. ಗಿರಣಿಯ ಒಡೆಯನ ಮಗನು ತನ್ನ ಮನೆಯ ಕಿಟಕಿಯಿಂದ ಕೂಲಿಗಳನ್ನು ಎಷ್ಟು ದೂರದಲ್ಲಿ ಕಂಡನೋ ಅಷ್ಟೇ ದೂರದಲ್ಲಿ ಚಿತ್ರದಲ್ಲಿಯೂ ಅವರು ಉಳಿದರು.

ಹಾಗಾದರೆ ಈ ಕಲೆಯು ಸುಳ್ಳೆ? ಹಾಗೆನ್ನುವುದು ನನಗೆ ಒಪ್ಪಿಗೆಯಲ್ಲ. ಊರನ್ನು ಬಿಟ್ಟು ಪಟ್ಟಣದಲ್ಲಿ ಬಾಳುವವನ ಸ್ಮರಣೆಯು ಸುಲಭವಾಗಿ ಸಿಹಿಯಾಗುತ್ತದೆ. ಇದು ನಮ್ಮೆಲ್ಲರ ಮನೆಗಳಲ್ಲಿಯೂ ಕಂಡ ಮಾತು. ಕಾನ್‌ಸ್ಟಬಲ್ಲನು ಲಂಡನ್ನಿನ ಕೋಣೆಯಲ್ಲಿ ಕುಳಿತು ಬಾಲ್ಯದ ಹೊಳೆಯನ್ನು ಬರೆದನು; ಆದರೂ ಅದನ್ನು ಸಿಹಿಮಾಡಲಿಲ್ಲ. ಕಣ್ಣಾರೆ ಬರೆದ ನೂರಾರು ಕಿರುಚಿತ್ರಗಳು, ಗಂಟೆಯನ್ನು ಗುರುತಿಸಿದ ಮೋಡಗಳು, ಊರಿನಿಂದ ತರಿಸಿದ ಬಂಡಿಯ ರೇಖೆ ಇವು ಆತನ ಹಂಬಲವನ್ನು ಪ್ರತಿಹೆಜ್ಜೆಗೂ ವಾಸ್ತವಕ್ಕೆ ಕಟ್ಟಿಹಾಕಿದುವು. ಎಲ್ಲಿಯವರೆಗೆ ಆತನು ಹತ್ತಿರ ನಿಂತು ನೋಡಿದನೋ ಅಲ್ಲಿಯವರೆಗೆ ಆತನ ಪ್ರೀತಿಯು ಸತ್ಯವಾಯಿತು. ಎಲ್ಲಿ ದೂರ ನಿಂತನೋ ಅಲ್ಲಿ ಕುರುಡಾಯಿತು. ಆತನ ಸಿದ್ಧಿಯನ್ನೂ ಲೋಪವನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದು. ಆ ಅಳತೆಗೋಲನ್ನು ನಮಗೆ ಕೊಟ್ಟವನೂ ಹುಲ್ಲಿನ ಮೇಲೆ ಪಿಟೀಲನ್ನಿಟ್ಟ ಆತನೇ.

ನೆಲದ ಅಶಾಂತಿಯನ್ನು ಬರಗೊಡದ ಚಿತ್ರಗಳಿಗೆ ಕಡೆಗಾಲದಲ್ಲಿ ಆಕಾಶದ ಅಶಾಂತಿಯು ನುಗ್ಗಿತು. ೧೮೨೮ರ ನವೆಂಬರಿನಲ್ಲಿ ಮರಿಯಾ ಕ್ಷಯರೋಗದಿಂದ ತೀರಿಕೊಂಡಳು. ತಾಯಿಯಿಲ್ಲದ ಏಳು ಮಕ್ಕಳು ಉಳಿದರು. ಮೂರು ತಿಂಗಳ ಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ, ಕೇವಲ ಒಂದು ಮತದ ಅಂತರದಿಂದ ಅಕಾಡೆಮಿಯ ಪೂರ್ಣ ಸದಸ್ಯತ್ವವು ಬಂದಿತು. ಆ ಸಂತೋಷವನ್ನು ಹಂಚಿಕೊಳ್ಳತಕ್ಕವಳು ಇರಲಿಲ್ಲ. ಆ ವರ್ಷದ 'ಹ್ಯಾಡ್ಲಿ ಕೋಟೆ'ಯಲ್ಲಿ ಬಿರುಗಾಳಿ ಕಳೆದ ಬೆಳಗಿನಲ್ಲಿ ಪಾಳುಬಿದ್ದ ಬುರುಜುಗಳು ಕಡಲನ್ನು ನೋಡುತ್ತ ನಿಂತಿವೆ. ೧೮೩೧ರ 'ಹುಲ್ಲುಗಾವಲಿನಿಂದ ಸಾಲಿಸ್‌ಬರಿಯ ದೇವಾಲಯ'ದಲ್ಲಿ ಗೋಪುರದ ಮೇಲೆ ಕಾರ್ಮೋಡವು ಕವಿದಿದೆ, ಅದರ ನಡುವೆ ಕಾಮನಬಿಲ್ಲು. ಆ ಬಿಲ್ಲಿನ ತುದಿಯು ಮುಟ್ಟುವುದು ಗೆಳೆಯನಾದ ಫಿಷರನ ಮನೆಯನ್ನು. ಸುಧಾರಣೆಯ ಗದ್ದಲದಲ್ಲಿ ತನ್ನ ಧರ್ಮಸಂಸ್ಥೆಗೆ ಬಂದ ಭಯವೂ, ಹೆಂಡತಿಯನ್ನು ಕಳೆದುಕೊಂಡ ದುಃಖವೂ ಆ ಮೋಡದಲ್ಲಿ ಬೆರೆತಿವೆಯೆಂದು ನನಗೆ ತೋರುತ್ತದೆ. 'ಹುಲ್ಲಿನ ಬಂಡಿ'ಗಿಂತ ಇದು ಒಪ್ಪದಲ್ಲಿ ಕಡಮೆ, ಆಳದಲ್ಲಿ ಹೆಚ್ಚು.

೧೮೩೭ರ ಮಾರ್ಚ್ ೩೧ರ ರಾತ್ರಿ ಕಾನ್‌ಸ್ಟಬಲ್ಲನು ಹಠಾತ್ತಾಗಿ ತೀರಿಕೊಂಡನು. ಅದೇ ವರ್ಷ ಗೆಳೆಯರು ಚಂದಾ ಕೂಡಿಸಿ 'ಧಾನ್ಯದ ಹೊಲ'ವೆಂಬ ಆತನ ಚಿತ್ರವನ್ನು ಕೊಂಡು ರಾಷ್ಟ್ರೀಯ ಚಿತ್ರಶಾಲೆಗೆ ಒಪ್ಪಿಸಿದರು. 'ಹುಲ್ಲಿನ ಬಂಡಿ'ಯು ಹೆನ್ರಿ ವಾನನ ದಾನವಾಗಿ ೧೮೮೬ರಲ್ಲಿ ಅಲ್ಲಿಗೆ ಬಂದಿತು. ಒಂದು ಕಾಲಕ್ಕೆ ಕೊಳ್ಳುವವರಿಲ್ಲದ ಆ ಚಿತ್ರವು ಆಮೇಲೆ ಕ್ಯಾಲೆಂಡರುಗಳ ಮೇಲೂ ಬಿಸ್ಕತ್ತಿನ ಡಬ್ಬಗಳ ಮೇಲೂ ಏರಿ, ಅತಿಪರಿಚಯದಿಂದ ಸಪ್ಪೆಯಾಗುವ ಅಪಾಯಕ್ಕೆ ಈಡಾಯಿತು. ಅಚ್ಚಿನ ಪ್ರತಿಯೊಂದು ನಮ್ಮ ವಾಚಕರ ಕೈಗೆ ಸಿಕ್ಕಿದಲ್ಲಿ, ಬಂಡಿಯನ್ನು ಬಿಟ್ಟು ಮೊದಲು ಮೋಡಗಳನ್ನು ನೋಡಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ವಿಚಾರಿಸಲಿ. ಅನಂತರ ಬಲಗಡೆಯ ಹುಲ್ಲುಗಾವಲಿನ ಅಂಚಿನಲ್ಲಿರುವ ಆ ಬಿಳಿಯ ಚುಕ್ಕೆಗಳನ್ನು ಹುಡುಕಲಿ. ಅವರು ಬೆವರುತ್ತಿರುವ ಮನುಷ್ಯರು. ಕಾನ್‌ಸ್ಟಬಲ್ಲನು ಅವರ ಹತ್ತಿರ ಹೋಗಲಿಲ್ಲ. ಆದರೆ ಅವರು ಅಲ್ಲಿರುವುದನ್ನು ಅಳಿಸಲೂ ಇಲ್ಲ.